ಕರೆಂಟಿಲ್ಲದ ಊರಲ್ಲಿ ಸ್ಲೀಪ್ ಆಪ್ನಿಯ: ಮಷೀನು ಬಿಟ್ಟು ಬೇರೆ ದಾರಿ ಹುಡುಕುವವರಿಗೆ

ನಮ್ಮ ಮನೆ ತೀರ್ಥಹಳ್ಳಿಯಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ನಡುವೆ. ಜುಲೈನಲ್ಲಿ ಲೈನ್ ಮೇಲೆ ಮರ ಬಿತ್ತು ಅಂದರೆ ಮೂರು ದಿನ ಕತ್ತಲೆ. ಇಂಥ ಊರಿನವನಿಗೆ ಡಾಕ್ಟರು, ನಿಮಗೆ ಸ್ಲೀಪ್ ಆಪ್ನಿಯ, ಅಂದರೆ ನಿದ್ದೆಯಲ್ಲಿ ಮತ್ತೆಮತ್ತೆ ಉಸಿರು ನಿಲ್ಲುವ ಕಾಯಿಲೆ ಇದೆ, ಗಂಟಲು ಮುಚ್ಚದ ಹಾಗೆ ಗಾಳಿ ಒತ್ತುವ, ರಾತ್ರಿಯಿಡೀ ಕರೆಂಟಲ್ಲಿ ಓಡುವ ಸಿಪ್ಯಾಪ್ ಮಷೀನು ಮೂಗಿಗೆ ಕಟ್ಟಿಕೊಂಡು ಮಲಗಿ ಅಂದರು.

ಕಾಯಿಲೆ ಕಂಡುಹಿಡಿದದ್ದು ನನ್ನ ಹೆಂಡತಿ. ಇಪ್ಪತ್ತೇಳು ವರ್ಷದಿಂದ ನನ್ನ ಗೊರಕೆಗೆ ಒಗ್ಗಿಹೋದವಳು. ಗೊರಕೆ ಹೊಡೆದರೆ ಅಲ್ಲ, ನಿಂತರೆ ಅವಳಿಗೆ ಎಚ್ಚರ. "ಜೋರಾಗಿ ಎಳೀತಾ ಎಳೀತಾ ಥಟ್ಟಂತ ನಿಲ್ಲುತ್ತೆ ಕಣ್ರೀ. ನಾನು ಎಣಿಸ್ತಾ ಕೂರ್ತೀನಿ. ನಿನ್ನೆ ಇಪ್ಪತ್ತೆರಡಕ್ಕೆ ಬಂತು" ಅಂದಳು. ಹಗಲಲ್ಲಿ ನಾನು ಬಸ್ಸಲ್ಲಿ, ಸೊಸೈಟಿ ಮೀಟಿಂಗಲ್ಲಿ, ಒಮ್ಮೆ ಬೈಕ್ ಮೇಲೂ ತೂಕಡಿಸಿದ್ದೆ.

ಬೇರೆ ದಾರಿ ಹುಡುಕುವ ಮೊದಲು ಕೈಯಲ್ಲಿ ನಿದ್ದೆ ಪರೀಕ್ಷೆಯ ರಿಪೋರ್ಟ್ ಇರಲೇಬೇಕು. ಮನೆಯಲ್ಲೇ ಮಾಡುವ ಪರೀಕ್ಷೆಯೂ ಇದೆ: ಎದೆಗೊಂದು ಪಟ್ಟಿ, ಮೂಗಿಗೆ ಸಣ್ಣ ನಳಿಗೆ, ಕೊರೋನಾ ಕಾಲದಲ್ಲಿ ಬೆರಳಿಗೆ ಹಾಕುತ್ತಿದ್ದರಲ್ಲ, ಅಂಥದ್ದೇ ಒಂದು ಕ್ಲಿಪ್ಪು. ರಿಪೋರ್ಟಲ್ಲಿ ಎಎಚ್‌ಐ ಅಂತ ಒಂದು ಅಂಕಿ ಇರುತ್ತೆ. ಗಂಟೆಗೆ ಎಷ್ಟು ಸಲ ಉಸಿರು ಹತ್ತು ಸೆಕೆಂಡಾದರೂ ನಿಂತಿತು ಅಥವಾ ಕುಗ್ಗಿತು ಅನ್ನುವ ಲೆಕ್ಕ ಅದು. 5ರಿಂದ 15 ಇದ್ದರೆ ಸೌಮ್ಯ, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ನನ್ನದು 24. ನಿಮ್ಮದು 30ರ ಮೇಲಿದ್ದರೆ, ಹೃದಯದ ತೊಂದರೆಯೋ ಪಾರ್ಶ್ವವಾಯುವೋ ಆಗಿದ್ದರೆ, ರಾತ್ರಿ ಆಕ್ಸಿಜನ್ ತೀರಾ ಇಳಿಯುತ್ತಿದ್ದರೆ, ಲಾರಿ ಬಸ್ಸು ಓಡಿಸುವವರಾದರೆ, ಡಾಕ್ಟರಿಗೆ ಹೇಳದೆ ಮಷೀನು ನಿಲ್ಲಿಸಬೇಡಿ. ಮುಂದೆ ಬರೆದದ್ದೆಲ್ಲ ಅವರ ಎದುರು ಕೂತು ಮಾತಾಡಲಿಕ್ಕೆ ಅಂತಲೇ ಓದಿಕೊಳ್ಳಿ.

ಇನ್ನೊಂದು ಮಾತು. ಮಷೀನು ಬೇಡ ಅನ್ನುವ ಎಷ್ಟೋ ಜನರಿಗೆ ಬೇಡವಾಗಿರುವುದು ಮಾಸ್ಕು. ನನ್ನ ಮೀಸೆ ಸಂದಿಯಿಂದ ಗಾಳಿ ಸೋರಿ ರಾತ್ರಿಯೆಲ್ಲ ಕಣ್ಣಿಗೆ ಹೊಡೆಯುತ್ತಿತ್ತು. ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಸಣ್ಣ ಮಾಸ್ಕು ಬಂದ ಮೇಲೆ ಅದು ನಿಂತಿತು. ಕರೆಂಟಿಲ್ಲದಾಗ ಮಷೀನನ್ನು ಬ್ಯಾಟರಿಯಲ್ಲಿ ಓಡಿಸುವುದಾದರೆ, ಗಾಳಿಗೆ ತೇವ ಕೊಡಲು ಅದರಲ್ಲಿರುವ ನೀರಿನ ಹೀಟರ್ ಬಂದ್ ಮಾಡಿ, ಬ್ಯಾಟರಿ ಎಷ್ಟೋ ಹೆಚ್ಚು ಹೊತ್ತು ಬರುತ್ತೆ. ಇಷ್ಟನ್ನು ನೋಡಿಯೂ ಆಗಲಿಲ್ಲ ಅಂದರೆ ಮುಂದಕ್ಕೆ ಹೋಗಿ.

ನಾನು ಮೊದಲು ಹಿಡಿದದ್ದು ಮಗ್ಗುಲು. ರಿಪೋರ್ಟಿನ ಎರಡನೇ ಪುಟದಲ್ಲಿ ಅಂಗಾತ ಮಲಗಿದಾಗ ಎಷ್ಟು, ಮಗ್ಗುಲಲ್ಲಿ ಎಷ್ಟು ಅಂತ ಬೇರೆಬೇರೆ ಬರೆದಿರುತ್ತೆ. ಯಾರೂ ತಾವಾಗಿ ತೋರಿಸಲ್ಲ, ನೀವೇ ಕೇಳಬೇಕು. ನನಗೆ ಅಂಗಾತ 41, ಮಗ್ಗುಲಲ್ಲಿ 11. ಅಂಗಾತದ ಅಂಕಿ ಮಗ್ಗುಲಿನದರ ಎರಡರಷ್ಟೋ ಅದಕ್ಕಿಂತ ಹೆಚ್ಚೋ ಇದ್ದರೆ ನಿಮ್ಮ ಅದೃಷ್ಟ. ಬೆನ್ನ ಮೇಲೆ ಮಲಗಿದಾಗ ನಾಲಿಗೆಯ ಬುಡ ಗಂಟಲಿಗೆ ಜಾರುತ್ತೆ, ಅಷ್ಟೇ ಕಥೆ. ಹೆಂಡತಿ ಹಳೇ ಟೀ ಶರ್ಟಿನ ಬೆನ್ನಿಗೆ ಜೇಬು ಹೊಲಿದು ಟೆನಿಸ್ ಬಾಲ್ ಹಾಕಿದಳು. ಮೊದಲ ವಾರ ಸೋತೆವು. ಶರ್ಟು ಸಡಿಲ, ಬಾಲು ಪಕ್ಕಕ್ಕೆ ಸರಿದು ನಾನು ಆರಾಮಾಗಿ ಅಂಗಾತ. ಆಮೇಲೆ ಬಿಗಿ ಶರ್ಟು ತಗೊಂಡು, ಭುಜದ ಎಲುಬುಗಳ ನಡುವೆ ಒಂದು, ಅದರ ಕೆಳಗೊಂದು, ಎರಡು ಬಾಲು ಸಾಲಾಗಿ ಹೊಲಿದಳು. ಈಗ ಹೊರಳಿದರೆ ನಿದ್ದೆಯಲ್ಲೇ ವಾಪಸ್ ಬರುತ್ತೇನೆ. ಭುಜ ನೋಯುತ್ತೆ, ತಲೆದಿಂಬು ಸ್ವಲ್ಪ ಎತ್ತರ ಮಾಡಿಕೊಳ್ಳಿ.

ಎರಡನೆಯದು ತೂಕ. 2000ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜನರನ್ನು ನಾಲ್ಕು ವರ್ಷ ಹಿಂಬಾಲಿಸಿದ ಅಧ್ಯಯನವೊಂದು ಹೊರಬಂತು: ತೂಕ ನೂರಕ್ಕೆ ಹತ್ತು ಇಳಿದರೆ ಎಎಚ್‌ಐ ಸುಮಾರು ನೂರಕ್ಕೆ 26 ಇಳಿಯುತ್ತೆ, ಹತ್ತು ಏರಿದರೆ 32 ಏರುತ್ತೆ ಅಂತ. ನನ್ನ 80 ಕಿಲೋದಲ್ಲಿ ನೂರಕ್ಕೆ ಹತ್ತು ಅಂದರೆ ಎಂಟು ಕಿಲೋ. ರಾತ್ರಿ ಗಂಜಿ, ಏಳೂವರೆಗೆ ಊಟ ಮುಗಿಸುವುದು, ತೋಟಕ್ಕೆ ಬೈಕ್ ಬಿಟ್ಟು ನಡೆಯುವುದು. ಎಂಟು ತಿಂಗಳು ಬೇಕಾಯಿತು. ವಾರಕ್ಕೊಮ್ಮೆ ಹಾಕುತ್ತಿದ್ದ ಪೆಗ್ ಬಿಟ್ಟೆ. ಮದ್ಯವೂ ಕೆಲವು ನಿದ್ದೆ ಮಾತ್ರೆಗಳೂ ಗಂಟಲಿನ ಸ್ನಾಯು ಇನ್ನಷ್ಟು ಜೋತುಬೀಳುವ ಹಾಗೆ ಮಾಡುತ್ತವೆ. ಬೊಜ್ಜು ಹೆಚ್ಚಿರುವವರಿಗೆ ಟಿರ್ಜೆಪಟೈಡ್ ಅನ್ನುವ ಇಂಜೆಕ್ಷನ್ ಇದೆ. 2024ರ ಡಿಸೆಂಬರಿನಲ್ಲಿ ಅಮೆರಿಕ ಅದನ್ನು ಈ ಕಾಯಿಲೆಗೇ ಒಪ್ಪಿತು, 2025ರಲ್ಲಿ ನಮ್ಮ ದೇಶಕ್ಕೂ ಬಂತು. ನನಗೆ ಡಾಕ್ಟರು ಬೇಡ ಅಂದರು. ಥೈರಾಯ್ಡ್ ಮಾತ್ರ ಪರೀಕ್ಷೆ ಮಾಡಿಸಿದರು. ಅದು ಕಡಿಮೆಯಾದರೂ ಹೀಗಾಗುತ್ತಂತೆ.

ದಂತವೈದ್ಯರ ಹತ್ತಿರ ಹೋದ ಕಥೆ ಹೇಳಲೇಬೇಕು. ಕೆಳದವಡೆಯನ್ನು ತುಸು ಮುಂದಕ್ಕೆ ಹಿಡಿದಿಡುವ ಕ್ಲಿಪ್ಪಿನಂಥ ಸಾಧನ ಬರುತ್ತೆ, ಹಲ್ಲಿನ ಅಚ್ಚು ತೆಗೆದು ಮಾಡುತ್ತಾರೆ. ಸೌಮ್ಯ, ಮಧ್ಯಮದವರಿಗೆ ಮಷೀನು ಬಿಟ್ಟರೆ ಇದೇ ಹೆಚ್ಚು ನಂಬಿಕೆಯ ದಾರಿ. ಕರೆಂಟಿನ ಹಂಗಿಲ್ಲ. ಕುಣಿಯುತ್ತಾ ಹೋದೆ. ಆ ಹುಡುಗಿ ಡಾಕ್ಟರು ನನ್ನ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯಲ್ಲಿಡಿ ಅಂದರು. ಎರಡೇ ಹೋದವು. "ಅಂಕಲ್, ಎಷ್ಟು ವರ್ಷದಿಂದ ಕವಳ?" ಅಂತ ಕೇಳಿದರು. ಮೂವತ್ತೈದು ವರ್ಷ. ಕೆನ್ನೆಯ ಒಳಪದರ ಬಿಗಿದುಕೊಂಡಿದೆ, ಒಸಡು ಸವೆದಿದೆ, ಈ ಹಲ್ಲುಗಳು ಆ ಎಳೆತ ತಡೆಯಲ್ಲ ಅಂದರು. ಅಡಿಕೆ ಬೆಳೆದು ಮಕ್ಕಳನ್ನು ಓದಿಸಿದ್ದೇನೆ, ಅದೇ ಅಡಿಕೆ ಈ ಬಾಗಿಲು ಮುಚ್ಚಿತು. ಕವಳ ಅವತ್ತೇ ಬಿಟ್ಟೆ ಅಂತ ಬರೆದರೆ ಸುಳ್ಳಾಗುತ್ತೆ. ಬಿಡಲಿಕ್ಕೆ ನಾಲ್ಕು ತಿಂಗಳಾಯಿತು.

ಶಿವಮೊಗ್ಗದ ನಮ್ಮ ಭಾವ ಆ ದವಡೆಯ ಕ್ಲಿಪ್ಪನ್ನೇ ಹಾಕಿಕೊಳ್ಳುತ್ತಾರೆ. ಒಂದೇ ಸಲಕ್ಕೆ ಮುಂದೆ ಎಳೆಯಲ್ಲ, ಅದರ ತಿರುಪನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತಾ ಹೋಗಬೇಕು. ಮೊದಮೊದಲು ಜೊಲ್ಲು, ಬೆಳಿಗ್ಗೆ ದವಡೆ ನೋವು. ವರ್ಷಗಳ ಮೇಲೆ ಹಲ್ಲಿನ ಕಚ್ಚು ಬದಲಾಗಬಹುದು, ಹಾಗಾಗಿ ಆಗಾಗ ತೋರಿಸುತ್ತಿರಬೇಕು. ಬಿಸಿನೀರಲ್ಲಿ ಅದ್ದಿ ಕಚ್ಚುವ ಅಗ್ಗದ್ದು ಆನ್‌ಲೈನಲ್ಲಿ ಸಿಗುತ್ತೆ, ತರಿಸಬೇಡಿ.

ಬಾಯಿ ಗಂಟಲಿನ ಕಸರತ್ತನ್ನು ನಾನು ನಗೆಯಾಡಿದ್ದೆ. 2009ರಲ್ಲಿ ಬ್ರೆಜಿಲ್‌ನವರು ಮಧ್ಯಮ ಕಾಯಿಲೆಯವರಿಗೆ ಮೂರು ತಿಂಗಳು ಮಾಡಿಸಿದಾಗ ಅಂಕಿ ಸುಮಾರು 22ರಿಂದ 14ರ ಹತ್ತಿರಕ್ಕೆ ಇಳಿಯಿತು. ನಾನು ಮಾಡುವುದು ಇಷ್ಟು: ನಾಲಿಗೆ ತುದಿಯನ್ನು ಮೇಲಿನ ಹಲ್ಲಿನ ಹಿಂದಿಟ್ಟು ಅಂಗುಳಿಗುಂಟ ಹಿಂದಕ್ಕೆ ಜಾರಿಸುವುದು, ಇಪ್ಪತ್ತು ಸಲ. ಇಡೀ ನಾಲಿಗೆಯನ್ನು ಅಂಗುಳಿಗೆ ಹೀರಿ ಅಂಟಿಸುವುದು, ಇಪ್ಪತ್ತು. ಬಾಯಿ ತೆರೆದು ಕಿರುನಾಲಿಗೆ ಮೇಲೇಳುವ ಹಾಗೆ ಬಿಟ್ಟುಬಿಟ್ಟು "ಆ" ಅನ್ನುವುದು, ಕನ್ನಡಿ ಮುಂದೆ. ಕೆನ್ನೆಯೊಳಗೆ ಬೆರಳಿಟ್ಟು ಹೊರಕ್ಕೆ ತಳ್ಳಿ, ಕೆನ್ನೆಯಿಂದ ಒಳಕ್ಕೆ ಒತ್ತುವುದು. ಹಾಲು ಕರೆಯುತ್ತಾ ಮಾಡುತ್ತೇನೆ, ದನಕ್ಕೂ ರೂಢಿಯಾಗಿದೆ. ಶಂಖ ಊದಿದರೂ ಲಾಭ ಅಂತ 2025ರಲ್ಲಿ ಜೈಪುರದ ಡಾಕ್ಟರುಗಳು ಮೂವತ್ತು ಜನರ ಸಣ್ಣ ಪರೀಕ್ಷೆ ಪ್ರಕಟಿಸಿದರು. ಜಾಗಟೆ ಶಂಖ ಹಿಡಿದು ಬರುತ್ತಿದ್ದ ದಾಸಯ್ಯ ನೆನಪಾದ. ನಮ್ಮನೆ ಶಂಖ ಇಳಿಸಿ ಊದಿದೆ, ನಾಯಿ ಊಳಿಟ್ಟಿತು, ಹೆಂಡತಿ ವಾಪಸ್ ದೇವರ ಗೂಡಿಗಿಟ್ಟಳು.

ಆಪರೇಷನ್ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ಮಕ್ಕಳಲ್ಲಿ ಟಾನ್ಸಿಲ್, ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ ತೆಗೆದರೆ ಎಷ್ಟೋ ಸಲ ಗುಣ. ದೊಡ್ಡವರಲ್ಲಿ ಗಂಟಲು ಕತ್ತರಿಸುವ ಆಪರೇಷನ್ ಎಲ್ಲರಿಗೂ ಫಲಿಸಲ್ಲ, ನೋವೂ ಜಾಸ್ತಿ. ಮೂಗಿನ ನಡುಗೋಡೆ ಸೊಟ್ಟ ಇದ್ದರೆ ಸರಿಮಾಡಿಸಿದರೆ ಉಸಿರು ಸಲೀಸಾಗುತ್ತೆ, ಆಪ್ನಿಯ ಅದೊಂದರಿಂದಲೇ ಹೋಗುವುದು ಅಪರೂಪ. ನಾಲಿಗೆಯ ನರಕ್ಕೆ ಕರೆಂಟು ಕೊಡುವ ಪೇಸ್‌ಮೇಕರ್ ಥರದ್ದು ಅಮೆರಿಕದಲ್ಲಿ 2014ರಿಂದ ಇದೆ. ಬಾಯಿಗೆ ಟೇಪ್ ಅಂಟಿಸಿಕೊಂಡು ಮಲಗುವ ವಿಡಿಯೋ ನೋಡಿ ಯಾರೂ ಹಾಗೆ ಮಾಡಬೇಡಿ.

ಎಂಟು ತಿಂಗಳಾದ ಮೇಲೆ ಆ ಬಾಲಿನ ಶರ್ಟು ಹಾಕಿಕೊಂಡೇ, ಮಷೀನಿಲ್ಲದೆ ಪರೀಕ್ಷೆ ಮಾಡಿಸಿದೆ. ಇದನ್ನು ಬಿಟ್ಟರೆ ಮಾಡಿದ್ದೆಲ್ಲ ಕುರುಡು ಲೆಕ್ಕ. ಗೊರಕೆ ಕಡಿಮೆಯಾಗಿಯೂ ಉಸಿರು ನಿಲ್ಲುತ್ತಲೇ ಇರಬಹುದು. ಎಎಚ್‌ಐ 8 ಬಂತು. ಡಾಕ್ಟರು ಮಷೀನು ಬಿಡಬಹುದು ಅಂದರು; ತೂಕ 75 ದಾಟಿದರೆ ಅಥವಾ ಹಗಲಲ್ಲಿ ತೂಕಡಿಕೆ ಮತ್ತೆ ಶುರುವಾದರೆ ಬರಬೇಕು. ಮಷೀನು ಅಟ್ಟಕ್ಕೆ ಹೋಗಿಲ್ಲ, ಮಂಚದ ಕೆಳಗಿದೆ.

ಮೊನ್ನೆ ಹೆಂಡತಿಯನ್ನು ಕೇಳಿದೆ, ಈಗಲೂ ಎಣಿಸ್ತೀಯಾ ಅಂತ. "ಐದಾರಕ್ಕೆ ಬಂದ್ಬಿಡುತ್ತೆ. ಅಷ್ಟರಲ್ಲಿ ನನಗೇ ನಿದ್ದೆ ಬಂದಿರುತ್ತೆ" ಅಂದಳು.