ಮೀಸಲು ಹಣ ಬಚ್ಚಿಡದೆ ಪ್ರಾಜೆಕ್ಟ್ ಮುಗಿಸಿದ್ದು

ಅನಿರೀಕ್ಷಿತ ಖರ್ಚಿಗೆಂದು ಮೀಸಲಿಡುವ ಹಣ, ಅಂದರೆ ಕಂಟಿಂಜೆನ್ಸಿ, ಎಷ್ಟಿದೆ ಅಂತ ಸ್ಟೇಕ್‌ಹೋಲ್ಡರ್‌ಗಳಿಗೆ (ಕೆಲಸ ಕೊಟ್ಟ ಕಡೆಯವರಿಗೆ) ತೋರಿಸಿದರೆ ಮೊದಲ ತಿಂಗಳುಗಳಲ್ಲೇ ನುಂಗಿ ಕೂರುತ್ತಾರೆ ಎಂದು ಹೆದರಿಸಿದವರೇ ಜಾಸ್ತಿ. ತೋರಿಸಿದೆ. ಕೊನೆಗೆ ಅದರಲ್ಲಿ ಮೂರನೇ ಒಂದು ಭಾಗದಷ್ಟು ಉಳಿಯಿತು.

ಬಚ್ಚಿಡುವ ಪದ್ಧತಿ ಯಾಕೆ ಸೋಲುತ್ತದೆ ಅನ್ನುವುದು ಎಸ್ಟಿಮೇಟ್ ಹಾಕುವವರಿಗೆಲ್ಲ ಗೊತ್ತು. ಐದು ದಿನದ ಕೆಲಸಕ್ಕೆ ಎಂಟು ದಿನ ಬರೆಯುತ್ತೇವೆ. ಹಣ ಕೊಡುವ ಸ್ಪಾನ್ಸರ್‌ಗೆ ಅನುಮಾನ ಬಂದು ಎಲ್ಲದರಲ್ಲೂ ಕಣ್ಣುಮುಚ್ಚಿ ಶೇ. 15 ಕತ್ತರಿಸುತ್ತಾರೆ. ಮುಂದಿನ ಸಲ ನಾವು ಹತ್ತು ದಿನ ಬರೆಯುತ್ತೇವೆ.

ಹಾಗಾಗಿ ಎಸ್ಟಿಮೇಟ್‌ನಲ್ಲಿ ತುಂಬಿದ್ದನ್ನೆಲ್ಲ ಹೊರತೆಗೆದು, ಬಜೆಟ್ಟಿನ ಹತ್ತನೇ ಒಂದು ಭಾಗದಷ್ಟನ್ನು ಒಂದೇ ಶೀಟಿನಲ್ಲಿಟ್ಟೆ. ಹಣ ತೆಗೆದಾಗಲೆಲ್ಲ ಒಂದು ಸಾಲು: ರಿಸ್ಕ್ ರಿಜಿಸ್ಟರ್‌ನ (ಮೊದಲೇ ಗುರುತಿಸಿದ ಅಪಾಯಗಳ ಪಟ್ಟಿಯ) ನಂಬರು, ಮೊತ್ತ, ತಾರೀಖು, ಬಾಕಿ, ಎರಡು ಸಹಿ. ಒಂದು ಸಹಿ ಸ್ಪಾನ್ಸರ್ ಕಡೆಯ ಫೈನಾನ್ಸ್‌ನವರದೇ. ರಿಸ್ಕ್ ನಂಬರಿಲ್ಲದ ಕೋರಿಕೆ ಚೇಂಜ್ ರಿಕ್ವೆಸ್ಟ್, ಅಂದರೆ ಒಪ್ಪಿದ ಕೆಲಸದಾಚೆಗಿನ ಬದಲಾವಣೆ, ಆಗುತ್ತದೆ, ಅದಕ್ಕೆ ಬೇರೆ ದರ. "ಸಣ್ಣದು ತಾನೆ, ಇದರಲ್ಲೇ ಹಾಕಿಬಿಡಿ" ಎನ್ನುವವರನ್ನು ಆಮೇಲೆ ಅವರ ಫೈನಾನ್ಸ್‌ನವರೇ ತಡೆದರು.

ವಾರದ ವರದಿಯಲ್ಲಿ ಕೆಂಪು-ಹಳದಿ-ಹಸಿರು ಬಣ್ಣ ಕೈಬಿಟ್ಟೆ. ಅದು ಕಲ್ಲಂಗಡಿ, ಹೊರಗೆ ಹಸಿರು, ಒಳಗೆ ಕೆಂಪು. ಬದಲಿಗೆ ಕಟ್ಟಡ ಕಟ್ಟುವವರು ಬಳಸುವ ಲಾಸ್ಟ್ ಪ್ಲಾನರ್ ಎಂಬ ಯೋಜನಾ ಪದ್ಧತಿಯಿಂದ ಪಿಪಿಸಿ (ಪರ್ಸೆಂಟ್ ಪ್ಲಾನ್ ಕಂಪ್ಲೀಟ್) ಎಂಬ ಅಳತೆ ಎತ್ತಿಕೊಂಡೆ: ಕಳೆದ ವಾರ ಒಪ್ಪಿಕೊಂಡದ್ದೆಷ್ಟು, ಪೂರ್ತಿ ಮುಗಿದದ್ದೆಷ್ಟು. ಅರ್ಧ ಮುಗಿದದ್ದು ಸೊನ್ನೆ. ಹತ್ತರಲ್ಲಿ ಏಳು ಮುಗಿದರೆ ಶೇ. 70. ಶುರುವಿನಲ್ಲಿ ಶೇ. 50ರ ಆಸುಪಾಸು ಬಂದು ಮೀಟಿಂಗಿನಲ್ಲಿ ಗದ್ದಲವಾಯಿತು, ಆಮೇಲೆ 80ರ ಹತ್ತಿರ ನಿಂತಿತು. ಪ್ರತಿ ವಾರ ನೂರಕ್ಕೆ ನೂರು ಬಂದರೆ ತಂಡ ಕಮ್ಮಿ ಒಪ್ಪಿಕೊಳ್ಳುತ್ತಿದೆ ಅಂತಲೇ ಲೆಕ್ಕ.

ತಪ್ಪಿದ ಪ್ರತಿ ಕೆಲಸಕ್ಕೂ ಕಾರಣದ ಕಾಲಂ ಉಂಟು: ಇನ್‌ಪುಟ್ ತಡ, ಜನ ಬೇರೆ ಕಡೆ, ಎಸ್ಟಿಮೇಟ್ ತಪ್ಪು, ತೀರ್ಮಾನ ಬಾಕಿ. ಕೊನೆಯ ಕಾರಣವೇ ತುಂಬುತ್ತ ಹೋದಾಗ ವಿಳಂಬದಲ್ಲಿ ತಮ್ಮ ಪಾಲೆಷ್ಟು ಅಂತ ಸ್ಟೇಕ್‌ಹೋಲ್ಡರ್‌ಗಳಿಗೇ ಕಂಡಿತು. ಯಾರೂ ದೂರಬೇಕಾಗಲಿಲ್ಲ. ವಾರಗಟ್ಟಲೆ ಕೂತಿದ್ದ ಅನುಮೋದನೆಗಳು ಎರಡು-ಮೂರು ದಿನಕ್ಕೆ ಬರತೊಡಗಿದವು.

ಲೈವ್ ಡ್ಯಾಶ್‌ಬೋರ್ಡ್ ಕೂಡ ಕೊಟ್ಟು ನೋಡಿದ್ದಾಯಿತು. ಅರೆಬರೆ ತುಂಬಿದ ಅಂಕಿ ನೋಡಿ ಮಧ್ಯಾಹ್ನವೇ ಫೋನು! ತೆಗೆದುಹಾಕಿ, ವಾರಕ್ಕೊಮ್ಮೆ ಪಿಡಿಎಫ್ ಕಳಿಸಿದೆ. ಇನ್ನೊಂದು ಪ್ರಯೋಗ ಮಾತ್ರ ಉಳಿಯಿತು: "ಮುಂದಿನ ಮೈಲಿಗಲ್ಲು ಹೇಳಿದ ದಿನಕ್ಕೆ ಆಗುತ್ತದೆಯೇ?" ಎಂಬ ಒಂದೇ ಪ್ರಶ್ನೆ, 1ರಿಂದ 5 ಅಂಕ, ಹೆಸರಿಲ್ಲದೆ, ತಂಡಕ್ಕೊಮ್ಮೆ, ಸ್ಟೇಕ್‌ಹೋಲ್ಡರ್‌ಗಳಿಗೊಮ್ಮೆ. ಎರಡರ ನಡುವೆ ಒಂದಂಕಕ್ಕಿಂತ ಹೆಚ್ಚು ಅಂತರ ಬಂದರೆ ಯಾರೋ ಏನನ್ನೋ ಮುಚ್ಚಿಟ್ಟಿದ್ದಾರೆ. ಆಗ ಮೊದಲು ಯಾರ ಜೊತೆ ಕೂರಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ.

ಇದಕ್ಕೆಲ್ಲ ತಗಲುವುದು ಒಬ್ಬ ಕೋಆರ್ಡಿನೇಟರ್‌ನ ವಾರದ ಅರ್ಧ ದಿನ.