ರೈಫಲ್ ಬಾಯಿಗೆ ಮಜಲ್ ಬ್ರೇಕ್: ನಾನೇ ಕೂರಿಸಿದ ಬಗೆ

30-06 ಎಂಬ ಅಳತೆಯ ತೋಟೆ ಹಾರಿಸುವ ನನ್ನ ರೈಫಲ್ಲಿನ ಒದೆತ ಎಲ್ಲಿಂದ ಬರುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದ ಮೇಲೆಯೇ ನಾನು ಮಜಲ್ ಬ್ರೇಕ್, ಅಂದರೆ ನಳಿಕೆಯ ಬಾಯಿಗೆ ತಿರುವಿ ಕೂರಿಸುವ, ಒದೆತ ತಗ್ಗಿಸುವ ಕಿಂಡಿಗಳುಳ್ಳ ಕೊಳವೆ, ಕೊಂಡದ್ದು. ಗುಂಡಿನ ತೂಕ 11.7 ಗ್ರಾಂ, ನಳಿಕೆ ಬಿಡುವಾಗ ಅದರ ವೇಗ ಸೆಕೆಂಡಿಗೆ 820 ಮೀಟರ್ ಆಸುಪಾಸು. ಅದರ ಬೆನ್ನಿಗೇ 3.5 ಗ್ರಾಂನಷ್ಟು ಮದ್ದು ಉರಿದು ಅನಿಲವಾಗಿ ನುಗ್ಗುತ್ತದೆ. ಈ ಅನಿಲದ ವೇಗವನ್ನು ಗುಂಡಿನ ವೇಗದ 1.75 ಪಟ್ಟು ಎಂದು ಹಿಡಿಯುವುದು ರೂಢಿ. ತೂಕವನ್ನು ವೇಗದಿಂದ ಗುಣಿಸಿ ಎರಡನ್ನೂ ಪಕ್ಕಪಕ್ಕ ಇಟ್ಟರೆ, ಹೆಗಲಿಗೆ ಬೀಳುವ ತಳ್ಳಿನಲ್ಲಿ ಮೂರನೇ ಒಂದು ಪಾಲು ಈ ಅನಿಲದ್ದೇ. ಗುಂಡಿನ ಪಾಲನ್ನು ಯಾವ ಬ್ರೇಕೂ ಮುಟ್ಟಲಾರದು. ಅನಿಲವನ್ನು ಮಾತ್ರ ತಿರುಗಿಸಬಹುದು. ಬ್ರೇಕಿನ ಒಳಗಿನ ಅಡ್ಡಗೋಡೆಗಳಿಗೆ ಅದು ಬಡಿದಾಗ ರೈಫಲ್ ಮುಂದಕ್ಕೆ ಎಳೆದಂತಾಗುತ್ತದೆ, ಆಮೇಲೆ ಪಕ್ಕದ ಕಿಂಡಿಗಳಿಂದ ಹೊರಗೆ ಹೋಗುತ್ತದೆ. ಮದ್ದು ಹೆಚ್ಚಿದಷ್ಟೂ ಲಾಭ ಹೆಚ್ಚು. 22 ರಿಮ್‌ಫೈರ್ ಎಂಬ ಸಣ್ಣ ತೋಟೆಯ ರೈಫಲ್ಲಿಗೆ ಬ್ರೇಕ್ ಹಾಕುವುದು ದಂಡ, ತಿರುಗಿಸಲು ಅಲ್ಲಿ ಅನಿಲವೇ ಇಲ್ಲ.

ನನಗೆ ಹೆಗಲ ನೋವಿಗಿಂತ ದೊಡ್ಡ ಕಾರಣ ಇನ್ನೊಂದಿತ್ತು. ಒದೆತ ಜೋರಾದಾಗ ಟೆಲಿಸ್ಕೋಪಿನಲ್ಲಿ ಗುರಿ ಮಾಯವಾಗುತ್ತದೆ, ಗುಂಡು ಎಲ್ಲಿ ತಾಗಿತೆಂದು ಕಾಣುವುದಿಲ್ಲ. ಕುದುರೆ (ಟ್ರಿಗರ್) ಎಳೆಯುವ ಗಳಿಗೆಯಲ್ಲಿ ಮೈ ತಾನಾಗಿ ಬಿಗಿಯುವ ಚಾಳಿ ಅಂಟಿಕೊಂಡರೆ ಬಿಡಿಸುವುದೂ ಕಷ್ಟ.

ಮನೆಯಲ್ಲಿ ಮಾಡಬಹುದು ಎಂದು ನಾನು ಹೇಳುತ್ತಿರುವುದು ಒಂದೇ ಸಂದರ್ಭಕ್ಕೆ: ನಳಿಕೆಯ ಬಾಯಿಯಲ್ಲಿ ಕಾರ್ಖಾನೆಯೇ ಥ್ರೆಡ್ ಕೊರೆದು, ಮೇಲೆ ಟೋಪಿ ಹಾಕಿ ಕೊಟ್ಟಿರಬೇಕು. ಥ್ರೆಡ್ ಇಲ್ಲದ ನಳಿಕೆಗೆ ಥ್ರೆಡ್ ಕೊರೆಯುವುದು ಲೇತ್ ಮೇಲೆ, ಕೋವಿ ಕೆಲಸ ಬಲ್ಲ ಪರವಾನಗಿದಾರರು ಮಾಡಬೇಕಾದದ್ದು. ಜೊತೆಗೆ ಬ್ರೇಕಿನ ಬಗ್ಗೆ ಕಾನೂನು ಎಲ್ಲ ಕಡೆ ಒಂದೇ ಥರ ಇಲ್ಲ, ಕೆಲವು ಸ್ಪರ್ಧೆಗಳಲ್ಲೂ ಶೂಟಿಂಗ್ ರೇಂಜುಗಳಲ್ಲೂ ಅದಕ್ಕೆ ಪ್ರವೇಶವಿಲ್ಲ. ಇದನ್ನು ವಿಚಾರಿಸಿಕೊಂಡ ಮೇಲೇ ದುಡ್ಡು ಬಿಚ್ಚಿದೆ.

ನನ್ನ ನಳಿಕೆಯ ಥ್ರೆಡ್ 14 ಮಿ.ಮೀ., ಪಿಚ್ (ಥ್ರೆಡ್ಡಿನ ಒಂದು ಸುತ್ತಿನಿಂದ ಮುಂದಿನದಕ್ಕಿರುವ ದೂರ) 1 ಮಿ.ಮೀ. ಇದೇ ಗುಂಡಿನ ಬೇರೆ ರೈಫಲ್ಲುಗಳಲ್ಲಿ 5/8 ಇಂಚು, ಇಂಚಿಗೆ 24 ಸುತ್ತಿನ ಥ್ರೆಡ್ ಬಹಳ ಬಳಕೆಯಲ್ಲಿದೆ. 14 ಮಿ.ಮೀ.ನಲ್ಲಿ ಎಡಕ್ಕೆ ತಿರುಗುವ ಥ್ರೆಡ್ಡೂ ಉಂಟು. ಆದ್ದರಿಂದ ಕ್ಯಾಲಿಪರ್ ಮತ್ತು ಪಿಚ್ ಗೇಜ್ ಇಟ್ಟು ಅಳೆದೇ ತರಬೇಕು. ಬ್ರೇಕಿನ ತೂತು ಗುಂಡಿಗಿಂತ ಸುಮಾರು ಅರ್ಧ ಮಿ.ಮೀ. ದೊಡ್ಡದಿರಬೇಕು. ಗುಂಡು 7.82 ಮಿ.ಮೀ., ನನ್ನ ಬ್ರೇಕಿನ ತೂತು 8.4. ಅಂದರೆ ಸುತ್ತಲೂ ಉಳಿಯುವ ಜಾಗ 0.3 ಮಿ.ಮೀ.ಗಿಂತ ಕಡಿಮೆ. ಮುಂದಿನ ಕೆಲಸವೆಲ್ಲ ಈ ಕೂದಲೆಳೆಯ ಜಾಗವನ್ನು ಸುತ್ತಲೂ ಸಮವಾಗಿ ಉಳಿಸಿಕೊಳ್ಳುವುದಕ್ಕಾಗಿಯೇ.

ಬೋಲ್ಟ್ (ನಳಿಕೆಯ ಹಿಂಬದಿಯನ್ನು ಮುಚ್ಚುವ, ಹಿಂದೆ ಮುಂದೆ ಓಡುವ ಭಾಗ) ಕಳಚಿ, ಮ್ಯಾಗಜಿನ್ ತೆಗೆದು, ಕೋಣೆಯಿಂದ ತೋಟೆಗಳನ್ನೆಲ್ಲ ಆಚೆ ಸಾಗಿಸಿ ಕೆಲಸಕ್ಕೆ ಕೂತೆ. ಬೋಲ್ಟ್ ಇಲ್ಲದಿದ್ದರೆ ನಳಿಕೆಯ ಒಳಗೆ ಈ ತುದಿಯಿಂದ ಆ ತುದಿಗೆ ಬೆಳಕು ಕಾಣುತ್ತದೆ, ಸಂಶಯಕ್ಕೆ ಎಡೆಯಿಲ್ಲ.

ನಳಿಕೆಯನ್ನು ಹಿಡಿಯುವ ರೀತಿ ಮುಖ್ಯ. ಮರದ ಹಿಡಿಯನ್ನೋ ಬೋಲ್ಟ್ ಓಡಾಡುವ ಭಾಗವನ್ನೋ ವೈಸಿಗೆ ಕೊಟ್ಟು ಬಾಯಿಯ ಕಡೆ ತಿರುವಿದರೆ ಆ ತಿರುಚು ಇಡೀ ನಳಿಕೆಯ ಉದ್ದಕ್ಕೂ ಹೋಗುತ್ತದೆ, ಬುಡದ ಜೋಡಣೆಯೇ ಸಡಿಲಾಗಬಹುದು. ಹಾಗಾಗಿ ಬಾಯಿಗೆ ಹತ್ತಿರದಲ್ಲಿ, ನಳಿಕೆಯ ಆಕಾರಕ್ಕೆ ಕೊರೆದ ಗಟ್ಟಿ ಮರದ ಎರಡು ತುಂಡುಗಳ ನಡುವೆ, ಒಳಗೆ ಚರ್ಮ ಕೊಟ್ಟು ಹಿಡಿದೆ. ಜಾರದಿರಲು ಚೂರು ರಾಳದ ಪುಡಿ ಉದುರಿಸಿದೆ. ಥ್ರೆಡ್ಡನ್ನು ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ, ಅಸಿಟೋನ್ ಒರೆಸಿ ಎಣ್ಣೆಯ ಪಸೆ ತೆಗೆದೆ. ಥ್ರೆಡ್ ಮುಗಿದು ನಳಿಕೆ ದಪ್ಪವಾಗುವ ಕಡೆ ಒಂದು ಮೆಟ್ಟಿಲಿದೆಯಲ್ಲ, ಅಲ್ಲಿ ಕಸದ ಕಣವೊಂದು ಉಳಿದರೂ ಬ್ರೇಕ್ ಓರೆಯಾಗುತ್ತದೆ. ಬ್ರೇಕನ್ನು ನೇರವಾಗಿ ನಿಲ್ಲಿಸುವುದು ಈ ಮೆಟ್ಟಿಲು, ಥ್ರೆಡ್ ಅದನ್ನು ಮೆಟ್ಟಿಲಿಗೆ ಎಳೆದು ಹಿಡಿಯುತ್ತದೆ, ಅಷ್ಟೇ.

ಇನ್ನು ಕಿಂಡಿಗಳ ದಿಕ್ಕು. ನನ್ನ ಬ್ರೇಕಿನಲ್ಲಿ ಎರಡೂ ಪಕ್ಕ ದೊಡ್ಡ ಕಿಂಡಿಗಳು, ನೆತ್ತಿಯ ಮೇಲೆ ಬಾಯಿ ಏಳದಂತೆ ತಡೆಯುವ ಸಣ್ಣ ತೂತುಗಳು. ಕೆಳಗೆ ಏನೂ ಇಲ್ಲ, ಮಲಗಿ ಹೊಡೆಯುವಾಗ ಮಣ್ಣು ಏಳಬಾರದಲ್ಲ. ಬ್ರೇಕ್ ಮೆಟ್ಟಿಲಿಗೆ ತಾಗಿ ನಿಂತಾಗ ನೆತ್ತಿಯ ತೂತುಗಳು 60 ಡಿಗ್ರಿ ಮುಂದೆ ದಾಟಿ ಹೋಗಿದ್ದವು. ಇಲ್ಲಿ ಬಿಗಿದಾಗ ಹಿಸುಕಿಕೊಳ್ಳುವ ವಾಷರ್ ಹಾಕಿ ಮುಗಿಸುವವರು ಬಹಳ. ನನಗೆ ಅದು ಒಪ್ಪಿಗೆಯಿಲ್ಲ. ಅಂಥ ವಾಷರ್ ಒಂದು ಪಕ್ಕ ಹೆಚ್ಚು, ಇನ್ನೊಂದು ಪಕ್ಕ ಕಡಿಮೆ ಹಿಸುಕಿಕೊಂಡರೆ ಬ್ರೇಕ್ ವಾಲುತ್ತದೆ. ನಾನು ಬಳಸಿದ್ದು ಶಿಮ್‌ಗಳನ್ನು, ಅಂದರೆ ಹಿಸುಕಿಕೊಳ್ಳದ ಉಕ್ಕಿನ ತೆಳು ಬಿಲ್ಲೆಗಳನ್ನು. ಪಿಚ್ 1 ಮಿ.ಮೀ. ಎಂದರೆ ಪೂರ್ತಿ ಒಂದು ಸುತ್ತಿಗೆ 1 ಮಿ.ಮೀ., ಅಂದರೆ 0.05 ಮಿ.ಮೀ. ಶಿಮ್ ಬ್ರೇಕನ್ನು 18 ಡಿಗ್ರಿ ಮೊದಲೇ ನಿಲ್ಲಿಸುತ್ತದೆ. 0.2 ಮಿ.ಮೀ. ಹಾಕಿದರೆ 72 ಡಿಗ್ರಿ. ಕೈಯಲ್ಲಿ ತಿರುವಿದಾಗ ನೆತ್ತಿಗೆ ಇನ್ನೂ 12 ಡಿಗ್ರಿ ಇರುವಾಗ ನಿಂತಿತು, ಆ 12 ಡಿಗ್ರಿ ಬಿಗಿಯುವಾಗ ಸ್ಪ್ಯಾನರಿನ ಪಾಲಿಗೆ. ಟೆಲಿಸ್ಕೋಪ್ ಕೂರುವ ಪಟ್ಟಿಯ ಮೇಲೊಂದು, ಬ್ರೇಕಿನ ಚಪ್ಪಟೆ ಭಾಗದ ಮೇಲೊಂದು ಸಣ್ಣ ರಸಮಟ್ಟ ಇಟ್ಟು ನೋಡಿದೆ. ಕಣ್ಣಳತೆ ಇಲ್ಲಿ ಸಾಲದು. ನೆತ್ತಿಯ ತೂತುಗಳು ಓರೆಯಾದರೆ ಅನಿಲ ಬಾಯಿಯನ್ನು ಒಂದು ಪಕ್ಕಕ್ಕೆ ಒತ್ತುತ್ತದೆ.

ಬಿಗಿದದ್ದು ಟಾರ್ಕ್ ವ್ರೆಂಚಿನಿಂದ, ತಯಾರಕರ ಕೈಪಿಡಿ ಹೇಳಿದ 30 ನ್ಯೂಟನ್ ಮೀಟರಿಗೆ. ಪೈಪ್ ವ್ರೆಂಚನ್ನು ಹತ್ತಿರ ಸುಳಿಯಗೊಡಬಾರದು. ಥ್ರೆಡ್‌ಗೆ ಮಧ್ಯಮ ಬಲದ ನೀಲಿ ಅಂಟು ಎರಡು ಹನಿ ಸಾಕಾಯಿತು. ಒಂದೇ ಸಮನೆ ಹೊಡೆದು ನಳಿಕೆ ಕಾಯಿಸುವವರಿಗೆ ಅದು ಮೆತ್ತಗಾಗುತ್ತದೆ, ಅವರಿಗೆ ಶಾಖ ತಡೆಯುವ ಬೇರೆ ಬಗೆಯ ಅಂಟು ಬೇಕು.

ಆಮೇಲಿನದು ಯಾರೂ ಬಿಡಬಾರದ ಹೆಜ್ಜೆ. ನಳಿಕೆಯ ಒಳ ಅಳತೆ 7.62 ಮಿ.ಮೀ. (ಒಳಗೋಡೆಯ ಸುರುಳಿ ಗೀರುಗಳಿಗೆ ಕಚ್ಚಿಕೊಳ್ಳಲೆಂದೇ ಗುಂಡು ಇದಕ್ಕಿಂತ ಚೂರು ದಪ್ಪ). ಅದಕ್ಕಿಂತ ಒಂದಿಷ್ಟೇ ಸಣ್ಣದಾದ, ಬಾಗು ಇಲ್ಲದಂತೆ ಅರೆದು ಮಾಡಿದ ಉಕ್ಕಿನ ಸಲಾಕೆ ಸಿಗುತ್ತದೆ. ತೆಳುವಾಗಿ ಎಣ್ಣೆ ಸವರಿ ಅದನ್ನು ಬಾಯಿಯಿಂದ ಒಳಗೆ ಇಳಿಸಿದೆ. ಒತ್ತಿ ತುರುಕಬಾರದು, ಅದೇ ಜಾರಬೇಕು. ಈಗ ಮುಂದಿನಿಂದ ಟಾರ್ಚ್ ಹಿಡಿದು ನೋಡಿದರೆ ಸಲಾಕೆಯ ಸುತ್ತ ತೂತಿನ ಅಂಚು ಉಂಗುರದಂತೆ ಕಾಣುತ್ತದೆ. ಉಂಗುರ ಎಲ್ಲ ಕಡೆ ಒಂದೇ ದಪ್ಪ ಇರಬೇಕು. ಒಂದು ಪಕ್ಕ ತೆಳುವಾಗಿದ್ದರೆ ಬ್ರೇಕ್ ಕಳಚಿ ಮೆಟ್ಟಿಲನ್ನೂ ಶಿಮ್ಮಿನ ಅಂಚನ್ನೂ ಮತ್ತೆ ನೋಡಬೇಕು. ಎಲ್ಲ ಚೊಕ್ಕವಿದ್ದೂ ಓರೆಯಾದರೆ ಥ್ರೆಡ್ಡೇ ನಳಿಕೆಯ ನೇರಕ್ಕಿಲ್ಲ ಎಂದರ್ಥ, ಅದು ಕೋವಿ ಕೆಲಸದವರಿಗೆ ಹೋಗಬೇಕಾದ ನಳಿಕೆ. ತೂತನ್ನು ಅರದಿಂದ ಉಜ್ಜಿ ದೊಡ್ಡದು ಮಾಡಿಕೊಳ್ಳಲು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಗುಂಡು ಅಡ್ಡಗೋಡೆಗೆ ಸವರಿದರೆ ಬ್ರೇಕ್ ಸಿಡಿಯಬಹುದು, ಪಕ್ಕದಲ್ಲಿದ್ದವರಿಗೆ ಚೂರು ಹಾರಬಹುದು. ಸಲಾಕೆಯನ್ನು ಹೊರತೆಗೆದು ನಳಿಕೆ ಖಾಲಿಯಿದೆಯೆಂದು ಕಣ್ಣಾರೆ ನೋಡಿದ ಮೇಲಷ್ಟೇ ಬೋಲ್ಟ್ ಮುಟ್ಟಿದೆ.

ರೇಂಜಿನಲ್ಲಿ ಮೊದಲ ಈಡು 25 ಮೀಟರಿಗೆ. ಹೊಡೆದ ಮೇಲೆ ರೈಫಲ್ ಖಾಲಿ ಮಾಡಿ, ಬೋಲ್ಟ್ ತೆಗೆದು, ತೂತಿನ ಅಂಚಿನಲ್ಲಿ ತಾಮ್ರದ ಗೀರು ಬಿದ್ದಿದೆಯೇ ನೋಡಿದೆ. ಇರಲಿಲ್ಲ. ಒದೆತ ಚೂಪಾದ ಹೊಡೆತ ಹೋಗಿ ಮೆಲ್ಲನೆಯ ತಳ್ಳಾಗಿತ್ತು, ಕಾಗದದಲ್ಲಿ ತೂತು ಬೀಳುವುದನ್ನು ಟೆಲಿಸ್ಕೋಪಿನಲ್ಲೇ ಕಂಡೆ. 100 ಮೀಟರಿನಲ್ಲಿ ಗುಂಡುಗಳ ಗುಂಪು ಮೊದಲಿನಷ್ಟೇ ಬಿಗಿಯಾಗಿತ್ತು, ಜಾಗ ಮಾತ್ರ ಕೆಳಕ್ಕೆ ಸರಿದಿತ್ತು. ತುದಿಗೆ ನೂರು ಗ್ರಾಂ ತೂಕ ಬಿದ್ದಾಗ ನಳಿಕೆ ಕಂಪಿಸುವ ಬಗೆ ಬದಲಾಗುತ್ತದೆ, ಗುರಿಯನ್ನು ಹೊಸದಾಗಿ ಹೊಂದಿಸಲೇಬೇಕು.

ಹೆಗಲಿಗೆ ಸಿಕ್ಕ ಸುಖದ ಬೆಲೆಯನ್ನು ಕಿವಿ ತೆರುತ್ತದೆ. ಬ್ರೇಕ್ ಇಲ್ಲದೆಯೂ ಇಂಥ ರೈಫಲ್ಲಿನ ಸದ್ದು 155ರಿಂದ 165 ಡೆಸಿಬೆಲ್, 140 ದಾಟಿದರೆ ಒಂದೇ ಈಡೂ ಕಿವಿಗೆ ಅಪಾಯ. ಬ್ರೇಕ್ ಸದ್ದನ್ನು ಹಿಂದಕ್ಕೂ ಪಕ್ಕಕ್ಕೂ ತಿರುಗಿಸಿ ಹೊಡೆಯುವವರ ಕಿವಿಗೆ ಇನ್ನಷ್ಟು ಸೇರಿಸುತ್ತದೆ. ನಾನು ಕಿವಿಯೊಳಗೆ ಬಿರಡೆ, ಮೇಲೆ ಇಯರ್ ಮಫ್, ಎರಡನ್ನೂ ಹಾಕಿಕೊಳ್ಳುತ್ತೇನೆ. ಎರಡು ಹಾಕಿದರೆ ರಕ್ಷಣೆ ಇಮ್ಮಡಿಸುವುದಿಲ್ಲ, ಒಂದಕ್ಕಿಂತ 5 ಡೆಸಿಬೆಲ್‌ನಷ್ಟು ಹೆಚ್ಚು ಸಿಗುತ್ತದೆ, ಆ ಐದೂ ಬೇಕು. ಅತಿ ಹೆಚ್ಚು ತೊಂದರೆ ಪಕ್ಕದ ಬೆಂಚಿನವರಿಗೆ. ತೋಟೆ ತುಂಬುವ ಮೊದಲು ಅವರಿಗೆ ಹೇಳಿ, ಕಿವಿ ಮುಚ್ಚಿಕೊಂಡದ್ದನ್ನು ನೋಡಿಯೇ ಹೊಡೆಯುತ್ತೇನೆ. ನೋಡಲು ಬಂದವರನ್ನು ಬೆನ್ನ ಹಿಂದೆ ದೂರ ನಿಲ್ಲಿಸುತ್ತೇನೆ.

ಬ್ರೇಕಿನಿಂದ ನಳಿಕೆಯ ಮೇಲಕ್ಕೆ ಒಂದು ಬಣ್ಣದ ಗೆರೆ ಎಳೆದಿದ್ದೇನೆ. ಗೆರೆ ತುಂಡಾದರೆ ಬ್ರೇಕ್ ಸಡಿಲಾಗಿದೆ ಎಂದು ಗೊತ್ತಾಗುತ್ತದೆ, ಪ್ರತಿ ಸಲ ಹೊಡೆಯುವ ಮುಂಚೆ ಅದರ ಮೇಲೆ ಕಣ್ಣಾಡಿಸುತ್ತೇನೆ. ಕಿಂಡಿಗಳಲ್ಲಿ ಮಸಿ ಬೇಗ ಕಟ್ಟುತ್ತದೆ, ನಳಿಕೆ ಒರೆಸುವ ಬಟ್ಟೆಚೂರೂ ಅಲ್ಲೇ ಕಳಚಿ ಉಳಿಯುತ್ತದೆ, ಒರೆಸಿದ ಮೇಲೆ ಒಳಗೆ ಇಣುಕಿ ನೋಡಲೇಬೇಕು. ಬ್ರೇಕ್ ಕಳಚಿ ಟೋಪಿ ಹಾಕಿದಾಗ ಗುರಿ ಎಷ್ಟು ಸರಿಯುತ್ತದೆ ಎಂಬುದನ್ನೂ ಬೇರೆಯಾಗಿ ಹೊಡೆದು ಬರೆದಿಟ್ಟುಕೊಂಡಿದ್ದೇನೆ, ಬ್ರೇಕಿಗೆ ಅನುಮತಿಯಿಲ್ಲದ ಕಡೆ ಹೋಗುವಾಗ ಟೆಲಿಸ್ಕೋಪನ್ನು ಎಷ್ಟು ಕ್ಲಿಕ್ ತಿರುವಬೇಕೆಂಬುದು ಶಿಮ್ ಅಳತೆಯ ಜೊತೆಗೇ ಆ ಚೀಟಿಯಲ್ಲಿದೆ.