ಕಾರ್ಟೂನ್ ಪ್ರದರ್ಶನಕ್ಕೆ ಗೆಳೆಯರ ಜೊತೆ ಹೋಗುವುದು ಹೇಗೆ

ಮೊದಲು ವಾರ ನೋಡಿಕೊಳ್ಳಿ. ಬೆಂಗಳೂರಿನ ಟ್ರಿನಿಟಿ ಸರ್ಕಲ್ ಹತ್ತಿರ ಮಿಡ್‌ಫೋರ್ಡ್ ಗಾರ್ಡನ್‌ನಲ್ಲಿರುವ ಭಾರತೀಯ ಕಾರ್ಟೂನ್ ಗ್ಯಾಲರಿಗೆ ಭಾನುವಾರ ರಜೆ. ಒಬ್ಬ ಹಿರಿಯ ಕಲಾವಿದರ ಪ್ರದರ್ಶನ ನೋಡೋಣವೆಂದು ನಾವು ಐದು ಜನ ಮೊದಲ ಸಲ ಭಾನುವಾರವೇ ಹೋಗಿ ಬೀಗ ನೋಡಿಕೊಂಡು ಬಂದೆವು. ಐವರೂ ರಿಟೈರ್ ಆದವರು, ವಾರವೆಲ್ಲಾ ರಜೆಯೇ. ಆದರೂ ಹೊರಗೆ ಹೋಗೋದು ಅಂದರೆ ಭಾನುವಾರ ಅಂತ ತಲೆಯಲ್ಲಿ ಕೂತುಬಿಟ್ಟಿದೆ. ನೀವು ಹೊರಡುವ ಮುಂಚೆ ಒಂದು ಫೋನ್ ಮಾಡಿ. ಕಾರು ಬೇಡ, ನೇರಳೆ ಮೆಟ್ರೋದಲ್ಲಿ ಟ್ರಿನಿಟಿಯಲ್ಲಿ ಇಳಿದು ನಡೆದುಬಿಡಿ.

ಐದು ಜನ ಸಾಕು. ಹತ್ತಾದರೆ ಮದುವೆ ದಿಬ್ಬಣ. ಆ ಐವರಲ್ಲಿ ಒಬ್ಬರಾದರೂ ಹಳೇ ಪೇಪರ್ ಹುಚ್ಚಿನವರು ಇರಲೇಬೇಕು. ನಮಗೆ ಮೇಷ್ಟ್ರಿದ್ದಾರೆ, ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವರು. ಕಾರ್ಟೂನು ಅಂದರೆ ಆವತ್ತಿನ ಸುದ್ದಿಯ ಮೇಲೆ ನಿಂತಿರುವ ನಗು. ನಲವತ್ತು ವರ್ಷ ಕಳೆದ ಮೇಲೆ ಸುದ್ದಿ ಮರೆತುಹೋಗಿರುತ್ತೆ, ಚಿತ್ರ ಮಾತ್ರ ಉಳಿದಿರುತ್ತೆ. ಗೋಡೆಯ ಮೇಲೆ ಒಂದು ಚಿತ್ರ: ಕುರ್ಚಿಯೊಂದು ಮುಂಬಾಗಿಲಲ್ಲಿ ಹೊರಗೆ ಹೋಗಿ ಹಿತ್ತಿಲ ಬಾಗಿಲಲ್ಲಿ ಒಳಗೆ ಬರುತ್ತಿದೆ. ನಾವು ನಾಲ್ವರೂ ಪಿಳಿಪಿಳಿ ಕಣ್ಣು ಬಿಟ್ಟೆವು. ‘1986 ಕಣ್ರಯ್ಯಾ. ಮುಖ್ಯಮಂತ್ರಿ ಹೆಗಡೆಯವರು ರಾಜೀನಾಮೆ ಕೊಟ್ಟು ಮೂರು ದಿನಕ್ಕೇ ವಾಪಸ್ ತಗೊಂಡ್ರಲ್ಲ!’ ಅಂದರು ಮೇಷ್ಟ್ರು. ಆಗ ಬಂತು ನಗು.

ಇನ್ನು ನೋಡುವ ರೀತಿ. ಅಡಿಬರಹವನ್ನು ಮೊದಲು ಓದಬೇಡಿ. ಅಂಗೈ ಅಡ್ಡ ಹಿಡಿದು, ಗಾಜಿಗೆ ತಾಗಿಸದೆ, ಬರೀ ಚಿತ್ರ ನೋಡಿ. ಯಾರು ಎಲ್ಲಿ ನಿಂತಿದ್ದಾರೆ, ಯಾರ ಹೊಟ್ಟೆ ದೊಡ್ಡದು, ಮೂಲೆಯಲ್ಲಿ ನಾಯಿ ಏನು ಮಾಡ್ತಿದೆ. ಆಮೇಲೆ ಕೈ ತೆಗೆಯಿರಿ. ನಮ್ಮಲ್ಲಿ ಬ್ಯಾಂಕಿನಲ್ಲಿದ್ದವನೊಬ್ಬ ಇದ್ದಾನೆ, ಪ್ರತಿ ಅಡಿಬರಹವನ್ನೂ ಕ್ಯಾಶ್ ಕೌಂಟರಿನಲ್ಲಿ ಟೋಕನ್ ನಂಬರ್ ಕೂಗಿದ ಹಾಗೆ ಕೂಗುತ್ತಾನೆ. ಅಂಥವರನ್ನು ಹಿಂದೆ ಬಿಡಿ. ಚಿತ್ರದಲ್ಲಿ ಮಾತಾಡದೆ ನಿಂತವರನ್ನೂ ಹುಡುಕಿ. ಆರ್.ಕೆ. ಲಕ್ಷ್ಮಣ್ ಅವರ ಚೌಕಳಿ ಕೋಟಿನ ಸಾಮಾನ್ಯ ಮನುಷ್ಯ ಬಾಯೇ ಬಿಡುವುದಿಲ್ಲ, ಅಲ್ವಾ? ಅವನ ಕಣ್ಣನ್ನು ನೋಡಿದರೆ ಅಡಿಬರಹ ಬೇಕಾಗುವುದೇ ಇಲ್ಲ. (ಮೈಸೂರಿನ ಈ ಹುಡುಗ ರಾಶಿಯವರ ಹಾಸ್ಯಪತ್ರಿಕೆ ‘ಕೊರವಂಜಿ’ಗೂ ಚಿತ್ರ ಬರೆದಿದ್ದರು ಅಂತ ಮೇಷ್ಟ್ರು ಐದು ಸಲ ಹೇಳಿದರು. ನಾನು ಒಂದೇ ಸಲ ಹೇಳಿದ್ದೇನೆ.)

ಒಂದು ಸುತ್ತು ಮುಗಿದ ಮೇಲೆ ಇನ್ನೊಂದು ಸುತ್ತು ಹೊಡೆಯಿರಿ, ಈ ಸಲ ಮೂಲ ಚಿತ್ರಗಳ ಹತ್ತಿರ ಮಾತ್ರ. ನನಗೆ ಇದೇ ಜಾಸ್ತಿ ಇಷ್ಟ, ಯಾಕಂದರೆ ಸುಲ್ತಾನ್‌ಪೇಟೆಯಲ್ಲಿ ಪೇಪರಿನ ಚಿತ್ರಗಳಿಗೆ ಬ್ಲಾಕ್, ಅಂದರೆ ಲೋಹದ ಅಚ್ಚು, ಮಾಡುವ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವನು ನಾನು. ಪೇಪರಿನಲ್ಲಿ ಅಂಗೈಯಷ್ಟಿರುವ ಚಿತ್ರವನ್ನು ಬರೆದಿದ್ದು ತಟ್ಟೆಯಷ್ಟು ದೊಡ್ಡದಾಗಿ. ಕ್ಯಾಮೆರಾದಲ್ಲಿ ಚಿಕ್ಕದು ಮಾಡಿದಾಗ ಸಣ್ಣಪುಟ್ಟ ನಡುಕ ಮುಚ್ಚಿಹೋಗುತ್ತದೆ. ಮೂಲದಲ್ಲಿ ಮುಚ್ಚಿರುವುದಿಲ್ಲ. ಚೌಕಟ್ಟಿನ ಎದುರಿಗೆ ನಿಲ್ಲಬೇಡಿ, ಪಕ್ಕಕ್ಕೆ ನಿಂತು ಓರೆಯಾಗಿ ನೋಡಿ. ಬಿಳಿ ಬಣ್ಣ ಹಚ್ಚಿದ ಕಡೆ ಕಾಗದ ಉಬ್ಬಿದ ಹಾಗೆ ಕಾಣುತ್ತೆ. ಅಲ್ಲಿ ಮೊದಲು ಬೇರೆ ಮೂಗಿತ್ತು. ಕಪ್ಪು ಗೆರೆಯ ಕೆಳಗೆ ತಿಳಿನೀಲಿ ಪೆನ್ಸಿಲ್ ಇದೆಯಾ ನೋಡಿ. ನಮ್ಮ ಫಿಲ್ಮಿಗೆ ತಿಳಿನೀಲಿ ಕಾಣುತ್ತಿರಲಿಲ್ಲ, ಹಾಗಾಗಿ ಕಲಾವಿದರು ಅದನ್ನು ಅಳಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಅಂಚಿನಲ್ಲಿ ‘3 ಕಾಲಂ’ ಅಂತ ಬರೆದಿದ್ದರೆ ಅದು ಪೇಪರಿನವರ ಕೈಬರಹ.

ಗೆರೆಗಳ ನಡುವಿನ ಬಿಳಿಯನ್ನೂ ಗಮನಿಸಿ. ಸತುವಿನ ತಗಡಿನ ಮೇಲೆ ಚಿತ್ರ ಇಳಿಸಿ, ಆ್ಯಸಿಡ್‌ನಲ್ಲಿ ಮುಳುಗಿಸಿದರೆ, ಗೆರೆ ಇಲ್ಲದ ಜಾಗವೆಲ್ಲಾ ತಿಂದುಹೋಗಿ ಗೆರೆ ಮಾತ್ರ ಎದ್ದು ನಿಲ್ಲುತ್ತದೆ. ಎರಡು ಗೆರೆ ತೀರಾ ಹತ್ತಿರ ಇದ್ದರೆ ನಡುವೆ ಶಾಯಿ ತುಂಬಿ ಮಸಿ ಮುದ್ದೆ. ಅದಕ್ಕೇ ಅನುಭವಸ್ಥರು ಕೋಟಿನ ಮಡಿಕೆಗೂ ನಾಲ್ಕೇ ಗೆರೆ ಎಳೆದು ಬಿಡುತ್ತಿದ್ದರು. ನೋಡುವವರಿಗೆ ಅದು ಶೈಲಿ. ನಮಗೆ ಅದು ದೊಡ್ಡ ಉಪಕಾರ.

ಬೆಳಿಗ್ಗೆ ತಿಂಡಿ ಲೈಟಾಗಿ ತಿಂದು ಹೋಗಿ, ಹೊಟ್ಟೆ ತುಂಬಿದ್ದರೆ ನಿಲ್ಲೋಕೆ ಆಗಲ್ಲ. ಯಾವ ಚಿತ್ರ ಚೆನ್ನಾಗಿದೆ ಎಂಬ ಜಗಳವನ್ನು ಗ್ಯಾಲರಿಯೊಳಗೆ ಶುರು ಮಾಡಬೇಡಿ, ಚರ್ಚ್ ಸ್ಟ್ರೀಟಿನ ಕಾಫಿ ಹೌಸಿಗೆ ಉಳಿಸಿಕೊಳ್ಳಿ. ಒಂದೇ ಸ್ಟೇಷನ್ ದೂರ.

ಹೊರಡುವ ಮುಂಚೆ ಅಭಿಪ್ರಾಯದ ಪುಸ್ತಕದಲ್ಲಿ ಬರೆಯಿರಿ. ‘ಸೂಪರ್’, ‘ತುಂಬಾ ಚೆನ್ನಾಗಿದೆ’ ಬೇಡ. ಯಾವ ಚಿತ್ರ, ಅದರಲ್ಲಿ ಏನು ಅಂತ ಬರೆಯಿರಿ. ಚಿತ್ರ ಬರೆದ ಆ ಹಿರಿಯರು ಮನೆಯಲ್ಲಿ ಕೂತು ಓದುವಾಗ ಯಾವುದಾದರೂ ಒಂದು ಗೆರೆ ನೆನಪಾಗಬೇಕು.

ನಾನು ಬರೆದಿದ್ದು ಹೇಳಿಬಿಡುತ್ತೇನೆ. ಆಗ ನನಗೆ ಇಪ್ಪತ್ತೆರಡು. ಒಂದು ವಾರಪತ್ರಿಕೆಗೆ ಇದೇ ಹಿರಿಯರ ಚಿತ್ರ ಬಂದಿತ್ತು. ತಗಡನ್ನು ಆ್ಯಸಿಡ್‌ನಲ್ಲಿ ಬಿಟ್ಟು ಟೀ ಕುಡಿಯಲು ಹೋದೆ, ಮಾತಿಗೆ ಕೂತೆ. ಬರುವಷ್ಟರಲ್ಲಿ ಗುಮಾಸ್ತನ ಕನ್ನಡಕದ ಕಡ್ಡಿ ತಿಂದುಹೋಗಿತ್ತು. ತೆಳು ಗೆರೆ ಅದು. ಯಾರಿಗೂ ಹೇಳದೆ ತಗಡನ್ನು ಮರದ ತುಂಡಿಗೆ ಬಡಿದು ಕೂರಿಸಿ ಕಳಿಸಿಬಿಟ್ಟೆ. ಕನ್ನಡಕ ಗಾಳಿಯಲ್ಲಿ ನಿಂತ ಹಾಗೆ ಅಚ್ಚಾಯಿತು. ಯಾರೂ ಕೇಳಲಿಲ್ಲ.

ಆ ಮೂಲ ಚಿತ್ರ ಎರಡನೇ ಗೋಡೆಯಲ್ಲಿತ್ತು. ಓರೆಯಾಗಿ ನಿಂತು ನೋಡಿದೆ. ಕಿವಿಯ ಹಿಂದೆ ಸಣ್ಣ ಕೊಕ್ಕೆ ಬಾಗಿಸಿ ಎಷ್ಟು ಚೆಂದಾಗಿ ಎಳೆದಿದ್ದರು! ಮೇಷ್ಟ್ರ ಪೆನ್ನು ಇಸಿದುಕೊಂಡು ಪುಸ್ತಕದಲ್ಲಿ ಬರೆದೆ: ‘ಸಾರ್, ಗುಮಾಸ್ತನ ಕನ್ನಡಕಕ್ಕೆ ಕಡ್ಡಿ ಇತ್ತು. ತಿಂದವನು ನಾನು.’ ಕೆಳಗೆ ಹೆಸರು, ಸುಲ್ತಾನ್‌ಪೇಟೆ.